ಗೇಟ್‌ವೇಯಲ್ಲಿ ಡಿಎಸ್‌ಸಿಪಿ 46 ಹಾಕಿದರೂ ಮಾತು ತುಂಡಾಗುತ್ತಿದೆ: ವಿಲ್ಯಾನ್ ಬೇರ್ಪಡಿಸಿದ್ದು ಸಾಲದೇ?

ಪ್ರಶ್ನೆ

ನಾನು ದಾವಣಗೆರೆ ಜಿಲ್ಲೆಯ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ನಮ್ಮದು ಎರಡು ಕಟ್ಟಡ. ಹಳೆಯ ಕಟ್ಟಡದಲ್ಲಿ 30 ಚಾನೆಲ್‌ಗಳ ಒಂದು ಪಿಆರ್‌ಐ ಲೈನು (ಏಕಕಾಲಕ್ಕೆ 30 ಕರೆಗಳನ್ನು ಒಯ್ಯುವ ದೂರವಾಣಿ ಲೈನು), ಐಪಿ ಪಿಬಿಎಕ್ಸ್ (ಆಸ್ಪತ್ರೆಯ ಕರೆಗಳನ್ನು ಜೋಡಿಸುವ ಯಂತ್ರ) ಮತ್ತು ಎಕ್ಸ್‌ರೇ, ಸಿಟಿ ಚಿತ್ರಗಳನ್ನು ಸಂಗ್ರಹಿಸುವ ಸರ್ವರ್ ಇವೆ. ಅಲ್ಲಿಂದ ಸುಮಾರು 4 ಕಿಲೋಮೀಟರ್ ದೂರದ ಹೊಸ ಕಟ್ಟಡದಲ್ಲಿ ಸ್ಕ್ಯಾನಿಂಗ್ ವಿಭಾಗ ಮತ್ತು ಮೂರು ವಾರ್ಡ್‌ಗಳಿವೆ. ವಾರ್ಡ್‌ಗಳಲ್ಲಿರುವ ಹಳೆಯ ಅನಲಾಗ್ ಫೋನ್‌ಗಳನ್ನು 24 ಎಫ್‌ಎಕ್ಸ್‌ಎಸ್ ಪೋರ್ಟ್‌ಗಳ (ಅನಲಾಗ್ ಫೋನ್ ಸಿಕ್ಕಿಸುವ ಕಿಂಡಿಗಳ) ಒಂದು ಧ್ವನಿ ಗೇಟ್‌ವೇಗೆ, ಅಂದರೆ ಮಾತನ್ನು ಐಪಿ ಪ್ಯಾಕೆಟ್‌ಗಳಾಗಿ ಮಾಡುವ ಪೆಟ್ಟಿಗೆಗೆ, ಜೋಡಿಸಿದ್ದೇವೆ. ಇದಲ್ಲದೆ ಸ್ವಾಗತ ಮೇಜು ಮತ್ತು ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಒಟ್ಟು 6 ಐಪಿ ಫೋನ್‌ಗಳಿವೆ. ಎರಡು ಕಟ್ಟಡಗಳ ನಡುವೆ 10 ಎಂಬಿಪಿಎಸ್‌ನ ಒಂದು ಲೀಸ್ಡ್ ಲೈನ್ (ನಮಗಾಗಿಯೇ ಬಾಡಿಗೆಗೆ ಪಡೆದ ಸಂಪರ್ಕ) ಇದೆ, ಮತ್ತು ಎಲ್ಲ ದಟ್ಟಣೆಯೂ ಅದರಲ್ಲೇ ಹೋಗಬೇಕು.

ಬೆಳಿಗ್ಗೆ 11ರಿಂದ 1 ಗಂಟೆಯವರೆಗೆ ಸ್ಕ್ಯಾನಿಂಗ್ ವಿಭಾಗದಿಂದ ಚಿತ್ರಗಳು ಹಳೆಯ ಕಟ್ಟಡದ ಸರ್ವರ್‌ಗೆ ಹೋಗುತ್ತಿರುವಾಗ ಫೋನ್ ಮಾತು ತುಂಡುತುಂಡಾಗುತ್ತದೆ. ವಾರ್ಡಿನ ದಾದಿಯೊಬ್ಬರು ಔಷಧದ ಪ್ರಮಾಣವನ್ನು ಹೇಳುತ್ತಿದ್ದಾಗ ಔಷಧಾಲಯದವರಿಗೆ ಅಂಕಿಯೇ ಕೇಳಿಸಲಿಲ್ಲ, ಮೂರು ಸಲ ಹೇಳಿಸಿಕೊಳ್ಳಬೇಕಾಯಿತು. ಆ ದಿನದಿಂದ ಇದನ್ನು ಸರಿಪಡಿಸದೆ ಬಿಡಬಾರದೆಂದು ಪಟ್ಟುಹಿಡಿದು ಕುಳಿತಿದ್ದೇನೆ.

ಇಲ್ಲಿಯವರೆಗೆ ಮಾಡಿದ್ದು ಇಷ್ಟು. ಗೇಟ್‌ವೇ ಮತ್ತು ಐಪಿ ಫೋನ್‌ಗಳನ್ನು ವಿಲ್ಯಾನ್ 20ಕ್ಕೆ (ವಿಲ್ಯಾನ್ ಎಂದರೆ ಅದೇ ತಂತಿಗಳ ಮೇಲಿನ ಪ್ರತ್ಯೇಕ ಜಾಲ) ಹಾಕಿ, ಕಂಪ್ಯೂಟರ್ ಮತ್ತು ಸ್ಕ್ಯಾನರ್‌ಗಳನ್ನು ವಿಲ್ಯಾನ್ 10ರಲ್ಲೇ ಉಳಿಸಿದ್ದೇನೆ. ಗೇಟ್‌ವೇಯ ಪುಟದಲ್ಲಿ 802.1ಪಿ ಆದ್ಯತೆಯನ್ನು (ಸ್ವಿಚ್‌ಗಳು ನೋಡುವ ಗುರುತು) 5 ಎಂದೂ, ಮಾತಿನ ಪ್ಯಾಕೆಟ್‌ಗಳ ಡಿಎಸ್‌ಸಿಪಿಯನ್ನು (ಐಪಿ ಪ್ಯಾಕೆಟ್‌ನ ಮೇಲಿನ ಆದ್ಯತೆಯ ಗುರುತು) 46 ಎಂದೂ, ಕರೆಯನ್ನು ಜೋಡಿಸುವ, ಮುಗಿಸುವ ಸಿಪ್ ಸಂಕೇತಗಳದ್ದನ್ನು 26 ಎಂದೂ ಕೊಟ್ಟಿದ್ದೇನೆ. ರೂಟರ್‌ನಲ್ಲಿ ಡಿಎಸ್‌ಸಿಪಿ 46ಕ್ಕೆ ಒಂದು ಆದ್ಯತೆಯ ವರ್ಗ ಮಾಡಿ, ಲೀಸ್ಡ್ ಲೈನ್ ಕಡೆಯ ಪೋರ್ಟ್‌ಗೆ ಅನ್ವಯಿಸಿದ್ದೇನೆ. ಕೋಡೆಕ್ (ಮಾತನ್ನು ಅಂಕಿಗಳಾಗಿಸುವ ವಿಧಾನ) ಜಿ.711. ಇಷ್ಟಾದರೂ ಕಿಂಚಿತ್ ವ್ಯತ್ಯಾಸವೂ ಕಾಣುತ್ತಿಲ್ಲ. ಸಿಪ್‌ಗೆ ಒಂದು, ಮಾತಿಗೆ ಒಂದು ಎಂದು ವಿಲ್ಯಾನ್‌ಗಳನ್ನು ಇನ್ನೂ ಬೇರ್ಪಡಿಸಬೇಕೇ? ಅಥವಾ ಕೋಡೆಕ್ ಅನ್ನು ಕಡಿಮೆ ಜಾಗ ಬೇಡುವ ಜಿ.729ಕ್ಕೆ ಇಳಿಸಬೇಕೇ? ಇನ್ನೊಂದು ವಿಷಯ: ಹಳೆಯ ಕಟ್ಟಡದವರ ಮಾತು ನಮಗೆ ಯಾವಾಗಲೂ ಸ್ಪಷ್ಟವಾಗಿಯೇ ಕೇಳುತ್ತದೆ, ನಮ್ಮ ಮಾತು ಮಾತ್ರ ಅವರಿಗೆ ಒಡೆದು ಕೇಳುತ್ತದೆ.

ಮೊದಲನೆಯ ಉತ್ತರ

ನೀವು ಕೊನೆಯಲ್ಲಿ ಸೇರಿಸಿದ ಸಾಲೇ ಇಡೀ ಪ್ರಶ್ನೆಯ ಕೀಲಿ. ಮಾತು ಒಡೆಯುವುದು ಹೊಸ ಕಟ್ಟಡದಿಂದ ಹಳೆಯ ಕಟ್ಟಡದ ಕಡೆಗೆ ಮಾತ್ರ. ಚಿತ್ರಗಳು ಹೋಗುವುದೂ ಅದೇ ದಿಕ್ಕಿಗೆ. ಹಾಗಾಗಿ ಗೇಟ್‌ವೇ, ಫೋನ್, ಕೋಡೆಕ್ ಇವುಗಳಲ್ಲಿ ದೋಷ ಹುಡುಕುವ ಮೊದಲು, ಆ ದಿಕ್ಕಿನಲ್ಲಿ ಪ್ಯಾಕೆಟ್‌ಗಳು ಎಲ್ಲಿ ಸಾಲುಗಟ್ಟಿ ನಿಲ್ಲುತ್ತಿವೆ ಎಂಬುದನ್ನು ಪತ್ತೆಮಾಡಬೇಕು.

ಮೊದಲು ಲೆಕ್ಕ ನೋಡೋಣ. ಜಿ.711ರಲ್ಲಿ 20 ಮಿಲಿಸೆಕೆಂಡಿಗೆ ಒಂದರಂತೆ ಸೆಕೆಂಡಿಗೆ 50 ಪ್ಯಾಕೆಟ್‌ಗಳು ಹೊರಡುತ್ತವೆ. ಪ್ರತಿಯೊಂದರಲ್ಲಿ 160 ಬೈಟ್ ಧ್ವನಿ, ಅದರ ಮೇಲೆ ಐಪಿ, ಯುಡಿಪಿ ಮತ್ತು ಆರ್‌ಟಿಪಿಗಳ (ಮಾತನ್ನು ಜಾಲದಲ್ಲಿ ಒಯ್ಯುವ ನಿಯಮಾವಳಿಗಳ) ತಲೆಬರಹ 40 ಬೈಟ್, ಒಟ್ಟು 200 ಬೈಟ್. ಅಂದರೆ ಒಂದು ಕರೆಗೆ ಒಂದು ದಿಕ್ಕಿನಲ್ಲಿ 80 ಕೆಬಿಪಿಎಸ್. ಈಥರ್ನೆಟ್ ಹೊದಿಕೆಯ 18 ಬೈಟ್ ಮತ್ತು ವಿಲ್ಯಾನ್ ಪಟ್ಟಿಯ (ಟ್ಯಾಗ್‌ನ) 4 ಬೈಟ್ ಸೇರಿಸಿದರೆ 88.8 ಕೆಬಿಪಿಎಸ್. ನಿಮ್ಮ 24 ಪೋರ್ಟ್‌ಗಳೂ 6 ಐಪಿ ಫೋನ್‌ಗಳೂ ಒಟ್ಟಿಗೆ ಮಾತಾಡಿದರೂ 30 ಕರೆಗಳಿಗೆ 2,664 ಕೆಬಿಪಿಎಸ್ ಆಯಿತು. 10 ಎಂಬಿಪಿಎಸ್ ಲೈನಿನಲ್ಲಿ ಅದಕ್ಕೆ ಧಾರಾಳ ಜಾಗವಿದೆ. ಆದ್ದರಿಂದ ಜಿ.729ಕ್ಕೆ ಇಳಿಯುವ ಅಗತ್ಯ ಕಾಣುವುದಿಲ್ಲ. ಇಳಿದರೂ ಆ ಸಣ್ಣ ಪ್ಯಾಕೆಟ್‌ಗಳು ಅದೇ ಸಾಲಿನ ಕೊನೆಯಲ್ಲಿ ಕಾಯಬೇಕು, ಅದೇ ಜಾಗದಲ್ಲಿ ಬಿದ್ದುಹೋಗಬೇಕು.

ವಿಲ್ಯಾನ್ ವಿಭಜನೆಯಿಂದ ಆದ್ಯತೆ ಸಿಗುವುದಿಲ್ಲ. ಡಿಎಸ್‌ಸಿಪಿ ಗುರುತಿನಿಂದಲೂ ಸಿಗುವುದಿಲ್ಲ. ವಿಲ್ಯಾನ್ ಒಂದೇ ತಂತಿಯ ಮೇಲೆ ಹೋಗುವವರನ್ನು ಎರಡು ಗುಂಪಾಗಿ ಮಾಡುತ್ತದೆ, ಗುರುತು ಯಾರು ಯಾವ ಗುಂಪಿನವರೆಂದು ಹೇಳುತ್ತದೆ. ಯಾರನ್ನು ಮೊದಲು ಬಿಡಬೇಕೆಂಬ ತೀರ್ಮಾನ ನಡೆಯುವುದು ಸಾಲು ಕಟ್ಟುವ ಜಾಗದಲ್ಲಿ ಮಾತ್ರ. ನಿಮ್ಮ ಜಿಲ್ಲೆಯಲ್ಲಿ ಭದ್ರಾ ನಾಲೆಯ ಕೊನೆಯ ಭಾಗದ ರೈತರನ್ನು ಕೇಳಿದರೆ, ತೂಬು ಯಾರ ಕೈಯಲ್ಲಿದೆಯೋ ನೀರು ಅವರದು ಎನ್ನುತ್ತಾರೆ. ಇಲ್ಲಿಯೂ ತೂಬು ಯಾರ ಕೈಯಲ್ಲಿದೆ ಎಂದು ನೋಡಬೇಕು.

ನಿಮ್ಮ ರೂಟರ್‌ನ ಪೋರ್ಟು ಲೀಸ್ಡ್ ಲೈನ್ ಕೊಟ್ಟವರ ಪೆಟ್ಟಿಗೆಗೆ 100 ಎಂಬಿಪಿಎಸ್ ಅಥವಾ 1 ಜಿಬಿಪಿಎಸ್ ವೇಗದಲ್ಲಿ ಜೋಡಿಸಿಕೊಂಡಿರಬೇಕು ಎಂಬುದು ನನ್ನ ಊಹೆ. ಹಾಗಿದ್ದರೆ ರೂಟರ್ ತನ್ನ ಪೋರ್ಟು ಎಂದೂ ತುಂಬಿಲ್ಲವೆಂದೇ ತಿಳಿಯುತ್ತದೆ. ತನ್ನಲ್ಲಿ ಸಾಲೇ ಕಟ್ಟದಿರುವಾಗ ನೀವು ಬರೆದ ಆದ್ಯತೆಯ ವರ್ಗಕ್ಕೆ ಕೆಲಸವೇ ಇಲ್ಲ. ಚಿತ್ರದ ಪ್ಯಾಕೆಟ್‌ಗಳೂ ಮಾತಿನ ಪ್ಯಾಕೆಟ್‌ಗಳೂ ಬಂದ ಕ್ರಮದಲ್ಲೇ ಅವರ ಪೆಟ್ಟಿಗೆಗೆ ಸುರಿಯುತ್ತವೆ, ಅಲ್ಲಿ 100 ಎಂಬಿಪಿಎಸ್ ದಾರಿ 10 ಎಂಬಿಪಿಎಸ್‌ಗೆ ಕಿರಿದಾಗುತ್ತದೆ, ನಿಜವಾದ ಸಾಲು ಅಲ್ಲಿ ಕಟ್ಟುತ್ತದೆ. ಆ ಪೆಟ್ಟಿಗೆ ನಿಮ್ಮ ಗುರುತುಗಳನ್ನು ನೋಡುವುದೇ ಇಲ್ಲ. 1,500 ಬೈಟ್‌ನ ಒಂದು ಪ್ಯಾಕೆಟ್ 10 ಎಂಬಿಪಿಎಸ್‌ನಲ್ಲಿ ಹೊರಡಲು 1.2 ಮಿಲಿಸೆಕೆಂಡು ಬೇಕು. ಅಂಥ 200 ಪ್ಯಾಕೆಟ್ ಮುಂದೆ ನಿಂತಿದ್ದರೆ ನಿಮ್ಮ ದಾದಿಯ ಮಾತು 240 ಮಿಲಿಸೆಕೆಂಡು ಕಾಯಬೇಕು. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಕೊಟ್ಟ ಜಿ.114 ಶಿಫಾರಸಿನ ಪ್ರಕಾರ ಸಂಭಾಷಣೆಗೆ ತೊಡಕಾಗದಿರಲು ಒಂದು ದಿಕ್ಕಿನ ಒಟ್ಟು ವಿಳಂಬ 150 ಮಿಲಿಸೆಕೆಂಡಿನೊಳಗಿರಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಆ ಸಾಲು ಕ್ಷಣಕ್ಷಣಕ್ಕೂ ಉದ್ದವಾಗಿ ಗಿಡ್ಡವಾಗಿ ಆಗುವುದರಿಂದ ಜಿಟರ್ (ವಿಳಂಬದ ಏರಿಳಿತ) ಹೆಚ್ಚಿ, ತಡವಾಗಿ ಬಂದ ಪ್ಯಾಕೆಟ್‌ಗಳನ್ನು ಎದುರು ತುದಿ ಎಸೆದುಬಿಡುತ್ತದೆ. ತುಂಡಾಗಿ ಕೇಳುವುದು ಅದರಿಂದಲೇ.

ಪರಿಹಾರವೆಂದರೆ ಆ ಸಾಲನ್ನು ನಿಮ್ಮ ರೂಟರ್‌ನೊಳಗೆ ಎಳೆದುಕೊಳ್ಳುವುದು. ಲೀಸ್ಡ್ ಲೈನ್ ಕಡೆಯ ಪೋರ್ಟ್‌ನಲ್ಲಿ ಒಟ್ಟು ದಟ್ಟಣೆಯನ್ನು 9,500 ಕೆಬಿಪಿಎಸ್‌ಗೆ ಶೇಪ್ ಮಾಡಿ (ಅದಕ್ಕಿಂತ ವೇಗವಾಗಿ ಬಂದದ್ದನ್ನು ತಡೆದಿಟ್ಟು ನಿಧಾನವಾಗಿ ಬಿಡಿ), ಅದರ ಒಳಗಡೆ ನಿಮ್ಮ ಆದ್ಯತೆಯ ವರ್ಗವನ್ನು ಇಡಿ. ಹೊರಗಿನ ನೀತಿ ಶೇಪಿಂಗ್‌ನದು, ಒಳಗಿನ ನೀತಿ ಆದ್ಯತೆಯದು. ಆಗ ಅವರ ಪೆಟ್ಟಿಗೆಯಲ್ಲಿ ಸಾಲು ಕಟ್ಟುವಷ್ಟು ದಟ್ಟಣೆಯೇ ಅಲ್ಲಿಗೆ ತಲುಪುವುದಿಲ್ಲ. 5 ಶೇಕಡಾ ವೇಗವನ್ನು ಕಳೆದುಕೊಂಡೆವಲ್ಲ ಎಂದು ಆಡಳಿತದವರು ಕೇಳಿದರೆ, ಚಿತ್ರ ತಲುಪುವುದು 100 ಸೆಕೆಂಡಿನ ಬದಲು ಸುಮಾರು 105 ಸೆಕೆಂಡಾಗುತ್ತದೆ, ಅದಕ್ಕೆ ಬದಲಾಗಿ ತುರ್ತು ಕರೆ ಸ್ಪಷ್ಟವಾಗಿ ಕೇಳುತ್ತದೆ ಎಂದು ಹೇಳಿ.

ಶೇಪಿಂಗ್ ಸಂಖ್ಯೆಯನ್ನು ಆರಿಸುವಾಗ ಒಂದು ಎಚ್ಚರಿಕೆ. ಲೈನ್ ಕೊಟ್ಟವರು 10 ಎಂಬಿಪಿಎಸ್ ಅನ್ನು ಈಥರ್ನೆಟ್ ಹೊದಿಕೆಯನ್ನೂ ಸೇರಿಸಿ ಎಣಿಸುತ್ತಿದ್ದು ನಿಮ್ಮ ರೂಟರ್ ಅದನ್ನು ಬಿಟ್ಟು ಎಣಿಸಿದರೆ, ಸಣ್ಣ ಪ್ಯಾಕೆಟ್‌ಗಳು ಹೆಚ್ಚಿದಷ್ಟೂ ಲೆಕ್ಕ ತಪ್ಪುತ್ತದೆ. 1,500 ಬೈಟ್‌ನ ಮೇಲೆ 22 ಬೈಟ್ ಏನೂ ಅಲ್ಲ, 200 ಬೈಟ್‌ನ ಮೇಲೆ ಅದು 11 ಶೇಕಡಾ. 9,500ರಲ್ಲಿ ವಿಳಂಬ ಇಳಿಯದಿದ್ದರೆ 9,200, 9,000 ಎಂದು ಕೆಳಗಿಳಿಸುತ್ತಾ ನೋಡಿ. ಶೇಪರ್‌ನ ಬರ್ಸ್ಟ್ ಗಾತ್ರವನ್ನೂ (ಅದು ಒಮ್ಮೆಲೇ ಬಿಡುವ ಪ್ರಮಾಣವನ್ನೂ) ಚಿಕ್ಕದಾಗಿ ಇಟ್ಟುಕೊಳ್ಳಿ. ವೇಗದ ನೂರನೇ ಒಂದು ಭಾಗ, ಅಂದರೆ 95,000 ಬಿಟ್ ಇಟ್ಟರೆ ಶೇಪರ್ 10 ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ, ಮಾತು ಅದರಿಂದಾಗಿ ತಡೆದು ನಿಲ್ಲುವುದಿಲ್ಲ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಸರಿ, ಆದರೆ ಶೇಪಿಂಗ್ ಮಾಡುವ ಮೊದಲು ನಿಮ್ಮ ಗುರುತು ರೂಟರ್‌ವರೆಗೆ ಉಳಿದು ಬರುತ್ತಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ನಾನು ಇದೇ ಕೆಲಸದಲ್ಲಿ ಎರಡು ವಾರ ಕಳೆದುಕೊಂಡವನು. ಗೇಟ್‌ವೇಯ ಪುಟದಲ್ಲಿ 46 ಎಂದು ಬರೆದಿರುವುದು ಗೇಟ್‌ವೇ ಏನು ಮಾಡಬೇಕೆಂದಿದೆ ಎಂಬುದರ ಸಾಕ್ಷಿಯಷ್ಟೇ, ತಂತಿಯ ಮೇಲೆ ಏನು ಹೋಗುತ್ತಿದೆ ಎಂಬುದರ ಸಾಕ್ಷಿಯಲ್ಲ.

ನನಗೆ ಸಿಕ್ಕ ಮೊದಲನೆಯ ತಪ್ಪು ಗೇಟ್‌ವೇಯಲ್ಲೇ ಇತ್ತು. ಕೆಲವು ಗೇಟ್‌ವೇಗಳ ಪುಟದಲ್ಲಿ ಆ ಜಾಗಕ್ಕೆ ಡಿಎಸ್‌ಸಿಪಿ ಎಂದಿರುವುದಿಲ್ಲ, ಟಿಓಎಸ್ ಎಂದಿರುತ್ತದೆ. ಅದು 8 ಬಿಟ್‌ಗಳ ಇಡೀ ಬೈಟ್; ಡಿಎಸ್‌ಸಿಪಿ ಅದರ ಮೇಲಿನ 6 ಬಿಟ್‌ಗಳು ಮಾತ್ರ. ಹಾಗಾಗಿ ಅಲ್ಲಿ 46ನ್ನು 4ರಿಂದ ಗುಣಿಸಿ 184 ಎಂದು ಬರೆಯಬೇಕು. 46 ಎಂದೇ ಬರೆದರೆ ತಂತಿಯ ಮೇಲೆ ಹೋಗುವುದು ಡಿಎಸ್‌ಸಿಪಿ 11, ಅದಕ್ಕೆ ಯಾವ ರೂಟರ್‌ನಲ್ಲೂ ಯಾರೂ ವರ್ಗ ಮಾಡಿಟ್ಟಿರುವುದಿಲ್ಲ.

ಎರಡನೆಯದು ಸ್ವಿಚ್. ಸಿಸ್ಕೋದ ಹಳೆಯ ಕ್ಯಾಟಲಿಸ್ಟ್ 2960, 3750 ಬಗೆಯ ಸ್ವಿಚ್‌ಗಳಲ್ಲಿ ಎಂಎಲ್‌ಎಸ್ ಕ್ಯೂಓಎಸ್ ಎಂಬ, ಆದ್ಯತೆಯ ವ್ಯವಸ್ಥೆಯನ್ನು ಚಾಲು ಮಾಡುವ ಆದೇಶವನ್ನು ಕೊಟ್ಟ ಕ್ಷಣದಿಂದ ಯಾವ ಪೋರ್ಟನ್ನೂ ನಂಬದಿರುವುದು ಅವುಗಳ ಸಹಜ ಸ್ಥಿತಿ. ಒಳಬಂದ ಪ್ಯಾಕೆಟ್‌ನ ಡಿಎಸ್‌ಸಿಪಿಯನ್ನು ಅವು 0 ಮಾಡಿ ಮುಂದೆ ಕಳಿಸುತ್ತವೆ. ಕ್ಯೂಓಎಸ್ ಚಾಲು ಮಾಡಿದ್ದೇನೆಂದು ನಾವು ನೆಮ್ಮದಿಯಿಂದಿರುವಾಗ, ಚಾಲು ಮಾಡಿದ್ದರಿಂದಲೇ ಗುರುತು ಅಳಿಸಿಹೋಗುತ್ತಿರುತ್ತದೆ. ಗೇಟ್‌ವೇ ಇರುವ ಪೋರ್ಟಿಗೂ ರೂಟರ್ ಕಡೆಯ ಪೋರ್ಟಿಗೂ ಟ್ರಸ್ಟ್ ಡಿಎಸ್‌ಸಿಪಿ (ಬಂದ ಗುರುತನ್ನು ನಂಬು ಎಂಬ ಆದೇಶ) ಕೊಡಬೇಕು. 802.1ಪಿಯ 5ನ್ನು ನೆಚ್ಚಿಕೊಳ್ಳಬೇಡಿ, ಏಕೆಂದರೆ ಅದು ವಿಲ್ಯಾನ್ ಪಟ್ಟಿಯೊಳಗಿರುವ ಗುರುತು, ರೂಟರ್ ಆ ಪಟ್ಟಿಯನ್ನು ಬಿಚ್ಚಿದೊಡನೆ ಅದೂ ಹೋಗುತ್ತದೆ. ಕಟ್ಟಡ ದಾಟಿ ಹೋಗುವುದು ಡಿಎಸ್‌ಸಿಪಿ ಒಂದೇ.

ಪರೀಕ್ಷಿಸಲು ಸ್ವಿಚ್‌ನಲ್ಲಿ ಮೊದಲು ಗೇಟ್‌ವೇ ಪೋರ್ಟನ್ನು, ಆಮೇಲೆ ರೂಟರ್ ಪೋರ್ಟನ್ನು ಮಿರರ್ ಮಾಡಿ (ಅದರ ಪ್ಯಾಕೆಟ್‌ಗಳ ಪ್ರತಿಯನ್ನು ಇನ್ನೊಂದು ಪೋರ್ಟಿಗೆ ಕಳಿಸಿ), ಎರಡು ಕಡೆಯೂ ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ಒಂದೊಂದು ಕರೆಯನ್ನು ಹಿಡಿದು ಹೋಲಿಸಿ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಹಿಡಿದರೆ ಎಷ್ಟೋ ಸಲ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ವಿಲ್ಯಾನ್ ಪಟ್ಟಿಯನ್ನು ಮೊದಲೇ ತೆಗೆದುಬಿಟ್ಟಿರುತ್ತದೆ; ಪಟ್ಟಿ ಕಾಣಲಿಲ್ಲವೆಂದು ಗಾಬರಿಯಾಗಬೇಡಿ.

ವಿಲ್ಯಾನ್‌ಗಳನ್ನು ಇನ್ನೂ ಒಡೆಯುವ ಬಗ್ಗೆ ಕೇಳಿದ್ದೀರಿ. ಸಿಪ್ ಮತ್ತು ಮಾತನ್ನು ಎರಡು ವಿಲ್ಯಾನ್ ಮಾಡುವುದರಿಂದ ನಿಮ್ಮ ಗಾತ್ರದ ಜಾಲಕ್ಕೆ ಲಾಭವಿಲ್ಲ. ಆಡಿಯೋಕೋಡ್ಸ್‌ನ ಮೀಡಿಯಂಟ್ ಗೇಟ್‌ವೇಗಳಂಥವುಗಳಲ್ಲಿ ನಿರ್ವಹಣೆ, ಕಂಟ್ರೋಲ್ (ಸಿಪ್), ಮೀಡಿಯಾ (ಮಾತು) ಎಂದು ಮೂರು ಬಗೆಯ ಇಂಟರ್‌ಫೇಸ್‌ಗಳನ್ನು ಬೇರೆಬೇರೆ ವಿಲ್ಯಾನ್‌ಗಳಲ್ಲಿ ಇಡಲು ಬರುತ್ತದೆ. ಆದರೆ ಪ್ರತಿ ಇಂಟರ್‌ಫೇಸ್‌ಗೂ ಮರಳುವ ದಾರಿ ಸರಿಯಾಗಿ ಇರದಿದ್ದರೆ ಒಂದೇ ಕಡೆ ಮಾತು ಕೇಳುವ ಹೊಸ ತೊಂದರೆ ಹುಟ್ಟಿಕೊಳ್ಳುತ್ತದೆ. ಬೇರ್ಪಡಿಸಲೇಬೇಕಾದದ್ದು ನಿರ್ವಹಣೆ. ಗೇಟ್‌ವೇಯ ವೆಬ್ ಪುಟ ವಾರ್ಡಿನ ಯಾವ ಕಂಪ್ಯೂಟರ್‌ನಿಂದಲೂ ತೆರೆಯಬಾರದು, ಮಾತಿನ ವಿಲ್ಯಾನ್‌ಗೆ ಕೇಬಲ್ ಸಿಕ್ಕಿಸಿದವರಿಗೂ ತೆರೆಯಬಾರದು. ಅದನ್ನು ಬದಲಿಸುವಾಗ ಸ್ವಿಚ್‌ನ ಟ್ರಂಕ್‌ನಲ್ಲಿ (ಹಲವು ವಿಲ್ಯಾನ್‌ಗಳನ್ನು ಒಯ್ಯುವ ಪೋರ್ಟಿನಲ್ಲಿ) ಹೊಸ ವಿಲ್ಯಾನ್‌ಗೆ ಮೊದಲು ಅನುಮತಿ ಕೊಟ್ಟು, ಆಮೇಲೆ ಗೇಟ್‌ವೇಯಲ್ಲಿ ಸಂಖ್ಯೆ ಬರೆಯಿರಿ. ಕ್ರಮ ತಪ್ಪಿದರೆ ಗೇಟ್‌ವೇ ಕೈಗೆ ಸಿಗುವುದಿಲ್ಲ, ಸೀರಿಯಲ್ ಕೇಬಲ್ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಮನಸಾರೆ ಕೃತಜ್ಞತೆಗಳು. ಎರಡನೆಯ ಉತ್ತರದಂತೆ ಮೊದಲು ಪ್ಯಾಕೆಟ್ ಹಿಡಿದು ನೋಡಿದೆ. ಗೇಟ್‌ವೇ ಪೋರ್ಟ್‌ನಲ್ಲಿ ಆರ್‌ಟಿಪಿಯ ಮೇಲೆ 46 ಇದೆ. ರೂಟರ್ ಪೋರ್ಟ್‌ನಲ್ಲಿ ಅದೇ ಕರೆಯ ಪ್ರತಿಯೊಂದು ಪ್ಯಾಕೆಟ್‌ನ ಮೇಲೂ 0. ಸ್ವಿಚ್ ಹಳೆಯ ಕ್ಯಾಟಲಿಸ್ಟ್, ಕ್ಯೂಓಎಸ್ ಚಾಲು ಇತ್ತು, ಟ್ರಸ್ಟ್ ಎಲ್ಲಿಯೂ ಇರಲಿಲ್ಲ. ಅದನ್ನು ಸರಿಪಡಿಸಿದ ಮೇಲೆ ರೂಟರ್‌ನ ಆದ್ಯತೆಯ ವರ್ಗದ ಎಣಿಕೆ ಮೊದಲ ಬಾರಿಗೆ ಏರಲಾರಂಭಿಸಿತು. ಆದರೆ ಮರುದಿನ 11 ಗಂಟೆಗೆ ಮಾತು ಹಿಂದಿನಂತೆಯೇ ಒಡೆಯಿತು, ಮೊದಲನೆಯ ಉತ್ತರದಲ್ಲಿ ಹೇಳಿದ ಕಾರಣಕ್ಕೇ ಎಂದು ಕಾಣುತ್ತದೆ. ನಮ್ಮ ರೂಟರ್ ಪೋರ್ಟು 100 ಎಂಬಿಪಿಎಸ್‌ನಲ್ಲೇ ಜೋಡಿಸಿಕೊಂಡಿದೆ. ಲಿನಕ್ಸ್ ಯಂತ್ರದಿಂದ ಹಳೆಯ ಕಟ್ಟಡಕ್ಕೆ ಪಿಂಗ್ ಮಾಡಿದಾಗ (ಪ್ಯಾಕೆಟ್ ಹೋಗಿ ಬರುವ ಸಮಯ ಅಳೆದಾಗ) ಬಿಡುವಿನ ವೇಳೆಯಲ್ಲಿ 4 ಮಿಲಿಸೆಕೆಂಡು, ಚಿತ್ರ ಹೋಗುವಾಗ 230 ಮಿಲಿಸೆಕೆಂಡಿನ ಆಸುಪಾಸು. ಪಿಂಗ್‌ಗೆ ಟಿಓಎಸ್ 184 ಹಾಕಿ ಮಾಡಿದರೂ ಅಷ್ಟೇ. ಗುರುತಿಗೆ ಬೆಲೆಯೇ ಇಲ್ಲದ ಜಾಗದಲ್ಲಿ ಸಾಲು ಕಟ್ಟುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಶೇಪಿಂಗ್ ಹಾಕುವ ಮೊದಲು ಒಂದು ಸಂದೇಹ. ವಿಲ್ಯಾನ್ 20ರಿಂದ ಬಂದದ್ದನ್ನೆಲ್ಲ ರೂಟರ್‌ನಲ್ಲೇ ಆದ್ಯತೆಯ ವರ್ಗಕ್ಕೆ ಸೇರಿಸಿಬಿಟ್ಟರೆ ಈ ಗುರುತಿನ ಗೊಡವೆಯೇ ಇರುವುದಿಲ್ಲವಲ್ಲ? ಮತ್ತು ಆ ವರ್ಗಕ್ಕೆ ಎಷ್ಟು ಮಿತಿ ಇಡಬೇಕು?

ಮೂರನೆಯ ಉತ್ತರ

ದಯವಿಟ್ಟು ಇಡೀ ವಿಲ್ಯಾನ್ ಅನ್ನು ಆದ್ಯತೆಯ ವರ್ಗಕ್ಕೆ ಹಾಕಬೇಡಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಹೀಗೆಯೇ ಮಾಡಿದ್ದರು. ಒಂದು ದಿನ ಐಪಿ ಫೋನ್‌ಗಳೆಲ್ಲ ಒಟ್ಟಿಗೆ ಫರ್ಮ್‌ವೇರ್ ಇಳಿಸಿಕೊಳ್ಳಲು ಶುರುಮಾಡಿದವು, ಆ ಇಡೀ ಫೈಲು ಆದ್ಯತೆಯ ಸಾಲಿನಲ್ಲಿ ಬಂದು ನಿಂತಿತು. ಆದ್ಯತೆಯ ಸಾಲಿಗೆ ಮಿತಿ ಇರುತ್ತದೆ, ದಟ್ಟಣೆಯ ಹೊತ್ತಿನಲ್ಲಿ ಮಿತಿ ಮೀರಿದ್ದನ್ನು ರೂಟರ್ ಬಿಸಾಡುತ್ತದೆ, ಬಿಸಾಡುವಾಗ ಇದು ಫೈಲಿನ ತುಂಡೋ ಮಾತಿನ ತುಂಡೋ ಎಂದು ನೋಡುವುದಿಲ್ಲ. ಆ ಅರ್ಧ ಗಂಟೆ ನಮ್ಮ ಎಲ್ಲ ಕರೆಗಳೂ ಹಾಳಾದವು.

ಆದ್ದರಿಂದ ಎರಡು ಷರತ್ತನ್ನೂ ಕೂಡಿಸಿ ಬರೆಯಿರಿ: ವಿಲ್ಯಾನ್ 20ರ ವಿಳಾಸದಿಂದ ಬಂದಿರಬೇಕು, ಜೊತೆಗೆ ಡಿಎಸ್‌ಸಿಪಿ 46 ಇರಬೇಕು. ವಿಲ್ಯಾನ್ 10ರಿಂದ ಯಾರಾದರೂ 46 ಹಾಕಿಕೊಂಡು ಬಂದರೆ ಸ್ವಿಚ್‌ನಲ್ಲಿಯೇ ಅದನ್ನು 0 ಮಾಡಿ. ನಿಮ್ಮ ಕ್ಯಾಟಲಿಸ್ಟ್‌ನಲ್ಲಿ ಕಂಪ್ಯೂಟರ್‌ಗಳ ಪೋರ್ಟುಗಳಿಗೆ ಟ್ರಸ್ಟ್ ಕೊಡದೆ ಬಿಟ್ಟರೆ ಅದು ತಾನಾಗಿಯೇ ಆಗುತ್ತದೆ. ನೀವು ಬೈಯುತ್ತಿದ್ದ ಆ ಸ್ವಭಾವ ಇಲ್ಲಿ ನಿಮ್ಮ ಕಾವಲುಗಾರ. ಸಿಪ್ ಸಂಕೇತಗಳಿಗೆ ಆದ್ಯತೆಯ ಸಾಲು ಬೇಡ, ಖಾತ್ರಿಯಾದ ಒಂದಿಷ್ಟು ಜಾಗ ಸಾಕು. 5 ಶೇಕಡಾ ಕೊಡಿ. ಅದರ ಗುರುತು 24 ಇರಲಿ, 26 ಇರಲಿ, 40 ಇರಲಿ, ಎರಡೂ ತುದಿಯಲ್ಲಿ ಒಂದೇ ಆಗಿದ್ದರೆ ಆಯಿತು.

ಮಿತಿಯ ಲೆಕ್ಕ ನಿಮ್ಮ ವಿಷಯದಲ್ಲಿ ಸುಲಭ, ಏಕೆಂದರೆ ಏಕಕಾಲಕ್ಕೆ 30 ಕರೆಗಳಿಗಿಂತ ಹೆಚ್ಚು ಆ ಕಟ್ಟಡದಿಂದ ಹೊರಡುವಂತೆಯೇ ಇಲ್ಲ. 2,664 ಕೆಬಿಪಿಎಸ್‌ಗೆ ಸ್ವಲ್ಪ ಉಸಿರಾಡುವ ಜಾಗ ಸೇರಿಸಿ 3,000 ಇಡಿ. ಲೈನಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಆದ್ಯತೆಯ ಸಾಲಿಗೆ ಕೊಡಬಾರದೆಂಬ ಸಿಸ್ಕೋದವರ ರೂಢಿಯ ಮಾತಿಗೂ ಅದು ಒಳಪಟ್ಟಿದೆ. ಮುಂದೆ ಫೋನ್‌ಗಳು ಹೆಚ್ಚಿದರೆ ಮಾತ್ರ ಪಿಬಿಎಕ್ಸ್‌ನಲ್ಲಿ ಆ ಕಟ್ಟಡದ ಕರೆಗಳ ಸಂಖ್ಯೆಗೆ ಕಡಿವಾಣ ಹಾಕಿ, ಏಕೆಂದರೆ 3,000 ಕೆಬಿಪಿಎಸ್‌ನಲ್ಲಿ ಹಿಡಿಯುವುದು 33 ಕರೆಗಳು. ಅದಕ್ಕಿಂತ ಒಂದು ಹೆಚ್ಚಾದರೆ ಕೆಡುವುದು ಆ ಒಂದು ಕರೆಯಷ್ಟೇ ಅಲ್ಲ, ಎಲ್ಲವೂ.

ಜಿಟರ್ ಬಫರ್ ಅನ್ನು (ಏರಿಳಿತ ಸರಿದೂಗಿಸಲು ಎದುರು ತುದಿ ಪ್ಯಾಕೆಟ್‌ಗಳನ್ನು ಕ್ಷಣಕಾಲ ಹಿಡಿದಿಡುವ ಜಾಗ) ಹಿಗ್ಗಿಸುವ ಸಲಹೆಯನ್ನು ಯಾರಾದರೂ ಕೊಟ್ಟಾರು. ಸದ್ಯಕ್ಕೆ ಮುಟ್ಟಬೇಡಿ, ಅದರಿಂದ ಮಾತು ಇನ್ನಷ್ಟು ತಡವಾಗುತ್ತದೆ, ಸಾಲು ಇದ್ದಲ್ಲೇ ಇರುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಶೇಪಿಂಗ್ 9,500ಕ್ಕೆ ಹಾಕಿ ಮೊದಲ ದಿನ ನೋಡಿದಾಗ ಗುರುತು ಹಾಕಿದ ಪಿಂಗ್ 230ರಿಂದ 40ಕ್ಕೆ ಇಳಿಯಿತು, ಆದರೆ ಆಗಾಗ ಜಿಗಿಯುತ್ತಿತ್ತು. 9,200ಕ್ಕೆ ಇಳಿಸಿದ ಮೇಲೆ 5 ಮಿಲಿಸೆಕೆಂಡಿನ ಹತ್ತಿರ ನಿಂತಿದೆ. ಗುರುತು ಇಲ್ಲದ ಪಿಂಗ್ ಮಾತ್ರ ಮೊದಲಿನಂತೆಯೇ ನಿಧಾನ, ಅದು ಹಾಗೆಯೇ ಇರಬೇಕಾದದ್ದು. ಈಗ 11 ಗಂಟೆಗೆ ಚಿತ್ರಗಳ ವರ್ಗದಲ್ಲಿ ಬಿಸಾಡಿದ ಪ್ಯಾಕೆಟ್‌ಗಳ ಎಣಿಕೆ ಏರುತ್ತದೆ, ಮಾತಿನ ವರ್ಗದಲ್ಲಿ ಸೊನ್ನೆ. ಚಿತ್ರಗಳು ಟಿಸಿಪಿಯಲ್ಲಿ ಹೋಗುವುದರಿಂದ ಬಿದ್ದ ಪ್ಯಾಕೆಟ್‌ಗಳು ಮತ್ತೆ ಹೊರಡುತ್ತವೆ, ಸ್ಕ್ಯಾನಿಂಗ್ ವಿಭಾಗದವರು ಏನೂ ಗಮನಿಸಿಲ್ಲ. ನಿನ್ನೆ ಅದೇ ವಾರ್ಡಿನಿಂದ ಔಷಧಾಲಯಕ್ಕೆ ನಾನೇ ಕರೆಮಾಡಿ ಹತ್ತು ಅಂಕಿಗಳನ್ನು ಓದಿ ಹೇಳಿದೆ, ಒಂದೂ ತಪ್ಪದೆ ಬರೆದುಕೊಂಡರು.

ಮೊದಲನೆಯ ಉತ್ತರ ಬರೆದವರು

ಕೇಳಿ ಬಹಳ ಸಂತೋಷವಾಯಿತು. ಇನ್ನೆರಡು ಕೆಲಸ ಉಳಿದಿವೆ. ಹಳೆಯ ಕಟ್ಟಡದ ರೂಟರ್‌ಗೂ ಇದೇ ನೀತಿಯನ್ನು ಬರೆಯಿರಿ. ಆ ದಿಕ್ಕಿನಲ್ಲಿ ಇಂದು ದಟ್ಟಣೆಯಿಲ್ಲ ಎಂಬುದು ನಿಜ, ಆದರೆ ಹೊಸ ಕಟ್ಟಡದ ವೈದ್ಯರು ಹಳೆಯ ಚಿತ್ರಗಳನ್ನು ತರಿಸಿಕೊಳ್ಳಲು ತೊಡಗಿದ ದಿನ ಅವರ ಕಿವಿಗೆ ಬೀಳುವ ಮಾತು ಒಡೆಯುತ್ತದೆ. ಮತ್ತೊಂದು, 9,200 ಎಂಬ ಸಂಖ್ಯೆಯನ್ನೂ ಅದನ್ನು ಏಕೆ ಇಟ್ಟಿರಿ ಎಂಬುದನ್ನೂ ರೂಟರ್ ಪೋರ್ಟಿನ ವಿವರಣೆಯ ಸಾಲಿನಲ್ಲೇ ಬರೆದಿಡಿ. ನಾಳೆ ಆಸ್ಪತ್ರೆಯವರು ಲೈನನ್ನು 20 ಎಂಬಿಪಿಎಸ್‌ಗೆ ಏರಿಸಿದರೆ, ಆ ಸಾಲನ್ನು ಓದಿ ಸಂಖ್ಯೆ ಬದಲಿಸುವವರೆಗೂ ನಿಮ್ಮ ರೂಟರ್ 9,200ಕ್ಕಿಂತ ಒಂದು ಬಿಟ್ ಕೂಡ ಹೆಚ್ಚು ಬಿಡುವುದಿಲ್ಲ.